ಸ್ಟೀಲ್ ಡಬ್ಬಿಗೆ ಸುರಿದ ಮಾತ್ರೆಗಳು

ಸವಿತಾ ತನ್ನ ಹೃದಯದ ಕಾಯಿಲೆಯ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಪುಟ್ಟ ಸ್ಟೀಲ್ ಡಬ್ಬಿಗೆ ಸುರಿಯುತ್ತಿದ್ದಳು. ಮರುದಿನ ಅವಳು ಜರ್ಮನಿಗೆ ಹೊರಡುವವಳಿದ್ದಳು. ಹೆಬ್ಬಗೋಡಿಯ ಅವಳ ಬಾಡಿಗೆ ಮನೆಯಲ್ಲಿ ಎದುರಿಗೇ ಕುಳಿತು ನಾನು ನೋಡುತ್ತಿದ್ದೆ.

ನಾವಿಬ್ಬರೂ ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದವರು. ಅವಳಿಗೆ ಕೆಲಸ ಕಲಿಸಿದವಳು ನಾನು; ಹೊಸ ಯಂತ್ರದ ತರಬೇತಿಗೆ ಕಂಪನಿಯವರು ಆರಿಸಿದ್ದು ಅವಳನ್ನು! ಸ್ಟ್ರಿಪ್, ಡಾಕ್ಟರ ಚೀಟಿ ಇಲ್ಲದ ಬಿಡಿ ಮಾತ್ರೆಗಳನ್ನು ಹೊರದೇಶದಲ್ಲಿ ತಡೆದು ಕಿತ್ತುಕೊಳ್ಳಬಹುದೆಂದು ದುಬೈನಲ್ಲಿದ್ದ ನನ್ನಣ್ಣ ಹೇಳಿದ್ದ. ತಡೆಯಲಿ, ಇವಳೂ ಸ್ವಲ್ಪ ಬೆವರಲಿ ಎಂದು ಸುಮ್ಮನಿದ್ದೆ.

"ಹಿಂಗಾದ್ರೆ ಜಾಗ ಉಳಿಯುತ್ತೆ ಕಣಕ್ಕಾ. ಬಣ್ಣ ನೋಡಿದ್ರೇ ಯಾವ ಮಾತ್ರೆ ಅಂತ ನಮಗೆ ಗೊತ್ತಾಗಲ್ವಾ?" ಎಂದು ನಕ್ಕಳು. ಆಮೇಲೆ ತುಂಬಿದ ಡಬ್ಬಿಯನ್ನು ನನ್ನ ಕೈಗಿಟ್ಟು, "ನೀನೊಂದ್ಸಲ ನೋಡ್ಬಿಡಕ್ಕಾ. ನಿನ್ನ ಕೈ ದಾಟಿದ್ಮೇಲೆ ತಪ್ಪಿರಲ್ಲ" ಎಂದಳು.

ಕೆನ್ನೆಗೆ ಹೊಡೆದಂತಾಯಿತು. ಬಿಡಿ ಮಾತ್ರೆ ಒಯ್ಯಬೇಡವೆಂದು ಹೇಳಿ, ಆಗಲೇ ಅವಳನ್ನು ಮೆಡಿಕಲ್ ಶಾಪಿಗೆ ಎಳೆದುಕೊಂಡು ಹೋದೆ. ಹೊಸ ಸ್ಟ್ರಿಪ್‌ಗಳನ್ನೂ ಡಾಕ್ಟರ ಚೀಟಿಯನ್ನೂ ಅವಳ ಕೈಚೀಲದಲ್ಲಿ ನಾನೇ ಇಟ್ಟೆ.

ತರಬೇತಿ ಮುಗಿಸಿ ಬಂದವಳು, "ಅಕ್ಕ ಹೇಳ್ದೇ ಇದ್ದಿದ್ರೆ ಏರ್‌ಪೋರ್ಟಲ್ಲೇ ಸಿಕ್ಕಾಕ್ಕೊಳ್ತಿದ್ದೆ" ಎಂದು ಇವತ್ತಿಗೂ ಎಲ್ಲರೆದುರು ಹೇಳುತ್ತಾಳೆ. ನನ್ನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆದರೂ ಅವಳು ಹಾಗೆ ಹೊಗಳಿದಾಗಲೆಲ್ಲ ತಲೆ ತಗ್ಗಿಸುತ್ತೇನೆ. ಆ ಡಬ್ಬಿ ತುಂಬುವವರೆಗೂ ನಾನು ಬಾಯಿ ಬಿಟ್ಟಿರಲಿಲ್ಲ.