ವೆಂಕಟಸುಬ್ಬಯ್ಯನವರ ಫಿಯೆಟ್
ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಕಾರಿದ್ದವರು ವೆಂಕಟಸುಬ್ಬಯ್ಯನವರೊಬ್ಬರೇ. ಆದರೂ ಫೋರ್ಟಿನ ಬ್ಯಾಂಕಿನ ಕೆಲಸಕ್ಕೆ ಅವರು ಲೋಕಲ್ ರೈಲಿನಲ್ಲಿ ಜೋತುಬಿದ್ದೇ ಹೋಗುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ತಾವು ನಜ್ಜುಗುಜ್ಜಾದರೂ ಚಿಂತೆಯಿಲ್ಲ, ಫಿಯೆಟ್‌ಗೆ ಗೀರು ಬೀಳಬಾರದು. ಬೆಳಿಗ್ಗೆ ಸ್ನಾನ ಮುಗಿಸಿ ಮಡಿಯಲ್ಲೇ ಅದನ್ನು ಒರೆಸುವರು. ಅದರ ಮೇಲೆ ಕಾಗೆ ಕೂತರೆ ಬಾಲ್ಕನಿಯಿಂದಲೇ ಕೂಗಿ ಓಡಿಸುವರು. ಬಾಗಿಲನ್ನು ಜೋರಾಗಿ ಹಾಕಿದವರಿಗೆ, “ಮೆಲ್ಲಗೆ ಕಣ್ರೀ, ಅದಕ್ಕೂ ನೋವಾಗತ್ತೆ” ಎನ್ನುವರು. ಅಂಥವರು ಒಂದು ಭಾನುವಾರ ಹೆಂಡತಿ ಪುಟ್ಟಲಕ್ಷ್ಮಿಯವರನ್ನು ಸ್ಟಿಯರಿಂಗ್ ಮುಂದೆ ಕೂರಿಸಿ ಕಾರು ಕಲಿಸಲು ಹೊರಟರು. ಕಾಂಪೌಂಡಿನೊಳಗೆ ಒಂದು ಸುತ್ತು ಚೆನ್ನಾಗಿಯೇ ಬಂದ ಕಾರು ನೀರಿನ ಟಾಂಕಿಯ ಗೋಡೆಗೆ ಗುದ್ದಿ ಮೂತಿ ಸೊಟ್ಟ ಮಾಡಿಕೊಂಡಿತು. ನಾವೆಲ್ಲ ಓಡಿಬಂದು ಸುತ್ತ ನೆರೆದೆವು. ಅವರು ಮೊದಲು ಹೆಂಡತಿಯ ಹಣೆ ಮುಟ್ಟಿ ನೋಡಿದರು, ಆಮೇಲೆ ಕಾರಿನದು. ಆಕೆಗೆ ಲೈಸೆನ್ಸ್ ಇಲ್ಲದ ಕಾರಣ ರಿಪೇರಿಗೆ ವಿಮೆಯ ಹಣ ಸಿಗುವಂತಿರಲಿಲ್ಲ. ಕೆಳಮನೆಯಲ್ಲಿದ್ದ, ಹೋಟೆಲು ನಡೆಸುವ ಚೆನ್ನಯ ಉಪಾಯ ಹೇಳಿದರು: “ನೀವೇ ಓಡಿಸಿದ್ದೂಂತ ಕ್ಲೇಮ್ ಹಾಕಿ ಮಾರಾಯ್ರೆ. ನಾವೆಲ್ಲ ಸಾಕ್ಷಿ ಹೇಳ್ತೇವೆ.” ವಾರವಿಡೀ ವೆಂಕಟಸುಬ್ಬಯ್ಯನವರು ಆ ಮೂತಿಯನ್ನು ಸವರುತ್ತ ಯೋಚಿಸಿದರು. ಕಡೆಗೆ, “ಬೇಡಿ ಚೆನ್ನಯನೋರೆ,” ಎಂದರು. “ಐವತ್ತು ದಾಟಿದ ಮೇಲೆ ಮೊದಲ್ನೇ ಸಲ ಅವಳು ಗಾಡಿ ಓಡಿಸಿದಾಳೆ. ಆ ಒಂದು ಸುತ್ತನ್ನೂ ನಂದೇ ಅಂತ ಹೆಂಗ್ರೀ ಹೇಳ್ಲಿ?” ಮರುಭಾನುವಾರ ಸೊಟ್ಟ ಮೂತಿಯ ಫಿಯೆಟ್, ಕಲಿಯುವವರ ‘ಎಲ್’ ಬೋರ್ಡು ತಗುಲಿಸಿಕೊಂಡು, ಗೇಟು ದಾಟಿ ರಸ್ತೆಗೇ ಇಳಿಯಿತು. ಆಕೆ ಓಡಿಸುತ್ತಿದ್ದರು, ಅವರು ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರು. ದೇವರ ಉತ್ಸವಕ್ಕೆ ಸರಿಯುವಂತೆ ನಾವು ಬದಿಗೆ ಸರಿದು ದಾರಿ ಬಿಟ್ಟೆವು.