ಟೈಪಕ್ಕನ ಕೊನೇ ಹಾಳೆ

ಟೈಪಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅವಳು ಟೈಪಿಸ್ಟಾಗಿದ್ದ ಪೊಲೀಸ್ ಕಚೇರಿಯ ಪೇದೆಯಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಅವಳು ಟೈಪಕ್ಕನೇ. ಸಿಟ್ಟು ಬಂದಾಗ ಸ್ವಂತ ತಂಗಿಗೂ ಅಷ್ಟೆ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆಣಕಿದರೆ, "ಆಗಿದೆಯಲ್ಲ, ಈ ಮಿಷಿನ್ ಜೊತೆ. ಎಷ್ಟು ಕುಟ್ಟಿದ್ರೂ ತಿರುಗಿ ಬೈಯಲ್ಲ. ನಿಮಗೆ ಸಿಕ್ಕಿದಾನಾ ಇಂಥ ಗಂಡ?" ಎನ್ನುವಳು. ಅವಳ ಬಾಯಿಗೆ ಬಾಯಿ ಕೊಟ್ಟು ಗೆದ್ದವರಿಲ್ಲ.

ಇಪ್ಪತ್ತೆರಡು ವರ್ಷ ಅವಳು ಕೂತದ್ದು ಒಂದೇ ಕೋಣೆಯಲ್ಲಿ. ಜಾಲರಿ ಬಡಿದ ಕಿಟಕಿ, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು, ಗೋಡೆಗೆ ಒತ್ತಿದ ಬೆಂಚು, ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುವ ಫ್ಯಾನು. ಸಾಹೇಬರು ಹೇಳುತ್ತಿದ್ದರೆ ಅವಳ ಬೆರಳು ಅವರ ನಾಲಿಗೆಗಿಂತ ಅರ್ಧ ಮಾತು ಮುಂದೆ. ಮೂರು ಕಾರ್ಬನ್ ಇಟ್ಟು ಹೊಡೆದರೂ ನಾಲ್ಕನೆಯ ಪ್ರತಿ ಮೊದಲನೆಯದರಷ್ಟೇ ಚೊಕ್ಕ. ಅವಳು ಹೊಡೆದ ಹಾಳೆಯಲ್ಲಿ ತಪ್ಪು ಹುಡುಕುವುದು ಕಲ್ಲಿನಲ್ಲಿ ನಾರು ತೆಗೆದಂತೆ ಎಂದು ಕಚೇರಿಯಲ್ಲಿ ಮಾತಿತ್ತು.

ಅವಳ ಇನ್ನೊಂದು ಜಾಣತನವೆಂದರೆ ಕೊನೇ ಹಾಳೆ. ಹೇಳಿಕೆ ಯಾರದ್ದೇ ಇರಲಿ, ಕಡೆಯಲ್ಲಿ ಬರುವ ಮಾತು ಒಂದೇ: 'ಹೇಳಲೇಬೇಕೆಂಬ ಬಲವಂತವಿಲ್ಲ ಎಂದು ನನಗೆ ತಿಳಿಸಲಾಗಿದೆ. ವಕೀಲರು ಬೇಕೇ ಎಂದು ಕೇಳಲಾಗಿದೆ, ಬೇಡ ಎಂದಿದ್ದೇನೆ. ಮೇಲಿನದನ್ನೆಲ್ಲ ನನಗೆ ಓದಿ ಹೇಳಲಾಗಿದೆ; ಸರಿಯಾಗಿದೆ.' ಇದನ್ನೇ ಪ್ರತಿ ಸಲ ಯಾಕೆ ಹೊಡೆಯಬೇಕು? ಸೋಮವಾರ ಬೆಳಿಗ್ಗೆ ಬಂದವಳೇ ಇಂಥ ಹತ್ತು ಹಾಳೆ ಹೊಡೆದು, ಹೆಸರಿಗೂ ತಾರೀಖಿಗೂ ಜಾಗ ಬಿಟ್ಟು, ಡ್ರಾಯರಿನಲ್ಲಿ ಇಟ್ಟುಬಿಡುವಳು. ಆ 'ಬೇಡ' ಎನ್ನುವುದೂ ಮೊದಲೇ ತಯಾರು. ಅಷ್ಟು ವರ್ಷದಲ್ಲಿ 'ಬೇಕು' ಎಂದವರೇ ಇರಲಿಲ್ಲ. ಇರುವುದೆಲ್ಲಿಂದ, ಕೇಳಿದ್ದರೆ ತಾನೇ! ಸಾಹೇಬರಂತೂ ಹೊಸಬರಿಗೆಲ್ಲ ಹೇಳುವರು, "ಕೆಲಸ ಅಂದ್ರೆ ಟೈಪಕ್ಕನ ಹಾಗೆ ಮಾಡ್ಬೇಕು." ಅವಳು ಉಬ್ಬಿಹೋಗುವಳು.

ಮನೆಯಲ್ಲಿ ಅವಳು, ತಂಗಿ, ತಂಗಿಯ ಗಂಡ. ಅವನು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವನು. ದಿನಾ ಬೆಳಿಗ್ಗೆ ಅವಳು ಟೀ ಲೋಟ ಮುಂದಿಟ್ಟರೆ, "ಅಕ್ಕಾ, ಇವತ್ತು ಯಾವ ಊರಿಗೆ ಕೊಡ್ಲಿ ಟಿಕೆಟ್ಟು?" ಎಂದು ಕೇಳುವನು. "ನಿನ್ನ ಕಾಟ ಇಲ್ಲದ ಊರಿಗೆ" ಎಂದು ಇವಳು. ಹದಿಮೂರು ವರ್ಷ ಅದೇ ಮಾತು, ಅದೇ ಉತ್ತರ, ಅದೇ ನಗು.

ಒಂದು ಮಧ್ಯಾಹ್ನ ಟಿಕೆಟ್ ಕಿಟಕಿಯ ಕೆಳಗೆ ಯಾರೋ ಬಿಟ್ಟುಹೋದ ಚೀಲ ಸಿಡಿಯಿತು. ಹದಿನೇಳು ಜನ ಸತ್ತರು. ಅಂಗಿಯ ಜೇಬಿನ ಮಸಿ ಕಲೆ ನೋಡಿ ತಂಗಿ ಗಂಡನ ಗುರುತು ಹಿಡಿದಳು. ಹಿಂದಿನ ದಿನ ಅದೇ ಕಲೆಗೆ ಅವನನ್ನು ಬೈದಿದ್ದಳು.

ರಜೆ ತಗೊಳ್ಳಿ ಎಂದರು ಸಾಹೇಬರು. ಟೈಪಕ್ಕ ಐದನೆಯ ದಿನಕ್ಕೇ ಬಂದು ಕೂತಳು. "ಈ ಕೇಸಿನ ಕಾಗದ ಬೇರೆ ಯಾರೂ ಹೊಡೀಬಾರದು ಸಾರ್. ನಾನೇ ಹೊಡೀಬೇಕು." ಹೊಟ್ಟೆಗೆ ಬೆಂಕಿ ಬಿದ್ದವರನ್ನು ಇಂಥ ಕೆಲಸಕ್ಕೆ ಕೂರಿಸಬಾರದು. ಅದು ಸಾಹೇಬರಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ಊರಿಗೆ ಊರೇ ಹಲ್ಲು ಕಡಿಯುತ್ತಿರುವಾಗ ಯಾರು ಯಾರಿಗೆ ಬುದ್ಧಿ ಹೇಳುತ್ತಾರೆ? ವಕೀಲರ ಸಂಘದವರು ಕೂಡ, ಈ ಕೇಸಿನಲ್ಲಿ ಸಿಕ್ಕಿಬಿದ್ದವರ ಪರ ಯಾರೂ ನಿಲ್ಲಬಾರದು ಎಂದು ಕೈ ಎತ್ತಿ ತೀರ್ಮಾನ ಮಾಡಿದ್ದರು.

ಒಂಬತ್ತನೆಯ ದಿನ ಅವಳ ಮಿಷಿನ್ನಿನಲ್ಲಿ ನಿಲ್ದಾಣದ ಕೂಲಿಯೊಬ್ಬನ ಹೇಳಿಕೆ ಇತ್ತು. ಬೂದು ಕೋಟಿನವನೊಬ್ಬ ಚೀಲ ಇಟ್ಟು, ಟಿಕೆಟ್ ಕೊಳ್ಳದೆ, ಹಿಂದಿನ ಗೇಟಿನಿಂದ ಹೋದ ಎಂದು ಕೂಲಿ ಹೇಳುತ್ತಿದ್ದ. ಅರ್ಧ ಹಾಳೆ ಆಗಿತ್ತು. ಅಷ್ಟರಲ್ಲಿ ಸಾಹೇಬರು ಬಂದು, "ಅದನ್ನ ತೆಗೀರಿ ಅಕ್ಕಾ. ಒಳಗಿರೋನೇ ಆಸಾಮಿ" ಎಂದರು. ಟೈಪಕ್ಕ ಅರ್ಧ ಹಾಳೆಯನ್ನು ಸರ್ರನೆ ಎಳೆದು ಪಕ್ಕಕ್ಕಿಟ್ಟು ಹೊಸದು ಹಾಕಿದಳು. ಕೂಲಿಯನ್ನು ಮನೆಗೆ ಕಳಿಸಿದರು.

ತಂದು ಬೆಂಚಿನ ಮೇಲೆ ಕೂರಿಸಿದ್ದು ರೇಡಿಯೋ ರಿಪೇರಿಯವನನ್ನು. ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಗೂಡಂಗಡಿ. ಅಂಗಡಿಯಲ್ಲಿ ತಂತಿ ಸಿಕ್ಕಿತ್ತು, ಬ್ಯಾಟರಿ ಸಿಕ್ಕಿತ್ತು. ರೇಡಿಯೋ ಅಂಗಡಿಯಲ್ಲಿ ಮತ್ತೇನು ಸಿಗುತ್ತದೆ, ಬದನೆಕಾಯಿಯೇ? ಆದರೆ ಆ ದಿನ ಹಾಗೆ ಕೇಳುವ ತಲೆ ಯಾರ ಹೆಗಲ ಮೇಲೂ ಇರಲಿಲ್ಲ. ಆರು ದಿನದಿಂದ ಒಳಗಿದ್ದ. ಬೆರಳ ತುದಿಗಳಲ್ಲಿ ಬೆಸುಗೆ ಕಾಸಿದ ಹಳೇ ಸುಟ್ಟ ಕಲೆ. ಬಲಗೈ ಹೆಬ್ಬೆರಳು ಮಾತ್ರ ಹೊಸದಾಗಿ ಊದಿತ್ತು. ಟೈಪಕ್ಕ ಅದನ್ನು ನೋಡಿದಳು, ನೋಡಿ ಕಣ್ಣು ತಿರುಗಿಸಿದಳು.

"ಸಾರ್, ವಕೀಲರನ್ನ ಕರೆಸಿ ಸಾರ್. ಆಮೇಲೆ ಕೇಳಿ" ಎಂದ ಅವನು.

"ಕರೆಸೋಣ, ಮೊದಲು ಹೇಳು."

ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಅಂದ. ಮೂರನೆಯ ಸಲ ಸಾಹೇಬರ ಕಡೆ ನೋಡದೆ ಅವಳ ಕಡೆ ತಿರುಗಿ, "ಅಕ್ಕಾ, ನೀವಾದ್ರೂ ಹೇಳಿ. ನಮ್ಮಮ್ಮಂಗೆ ಹೇಳಿದ್ರೆ ವಕೀಲರನ್ನ ಕರ್ಕೊಂಡ್ ಬರ್ತಾಳೆ" ಎಂದ.

ಟೈಪಕ್ಕನ ಕಣ್ಣ ಮುಂದೆ ಜೇಬಿನ ಮಸಿ ಕಲೆ ಬಂತು. ಇವನಿಗೆ ವಕೀಲ ಬೇರೆ ಕೇಡು, ನಮ್ಮವನನ್ನು ಸುಡುವ ಮೊದಲು ಯಾವ ವಕೀಲನನ್ನು ಕೇಳಿದ್ದರು ಎಂದುಕೊಂಡಳು. ಸಾಹೇಬರು ಹೇಳಿದ್ದನ್ನೆಲ್ಲ ಅವನು ಹೇಳಿದ್ದೆಂದು ಹೊಡೆದಳು. ನಾಲ್ಕು ಹಾಳೆ ಆಯಿತು. ಮಧ್ಯೆ ಒಮ್ಮೆ ಅವನು ಮಿಷಿನ್ನನ್ನೇ ನೋಡುತ್ತ, "ನಿಮ್ಮ ಮಿಷಿನ್ ಸಾಲು ಮುಗಿಯೋವಾಗ ಬೆಲ್ ಹೊಡೀತಿಲ್ಲ. ಒಳಗೆ ಒಂದು ಸ್ಪ್ರಿಂಗ್ ಹೋಗಿದೆ, ಅಷ್ಟೆ" ಎಂದ. ಅವಳು ರೋಲರ್ ಎಳೆದು ಮುಂದಿನ ಸಾಲಿಗೆ ಹೋದಳು.

ಸಾಹೇಬರು ಕೈ ಚಾಚಿದರು. "ಕೊನೇ ಹಾಳೆ ಕೊಡಿ."

ಡ್ರಾಯರ್ ಎಳೆದಳು. ಬೇರೆ ಹಾಳೆ ಹಾಕಿ 'ಬೇಕು ಎಂದಿದ್ದೇನೆ' ಎಂದು ಹೊಡೆಯಲು ಅವಳಿಗೆ ಒಂದು ನಿಮಿಷವೂ ಬೇಕಿರಲಿಲ್ಲ. ಸೋಮವಾರದ ಹಾಳೆಯನ್ನೇ ತೆಗೆದು, ತನ್ನ ಕೈಯಾರೆ ಕೊಟ್ಟಳು.

"ಒಂದ್ಸಲ ಓದ್ಲಾ ಸಾರ್?" ಎಂದ ರೇಡಿಯೋದವನು. "ನೀನು ಹೇಳಿದ್ದನ್ನ ನೀನೇ ಓದ್ತೀಯೇನೋ? ಮರೆತುಹೋಯ್ತಾ?" ಎಂದರು ಸಾಹೇಬರು. ಕೋಣೆಯಲ್ಲಿದ್ದವರು ನಕ್ಕರು. ಟೈಪಕ್ಕನೂ ನಕ್ಕಳು. ಊದಿದ ಬೆರಳಿನಲ್ಲಿ ಪೆನ್ನು ನಿಲ್ಲದೆ ಅವನ ಸಹಿ ಗೆರೆ ಬಿಟ್ಟು ಕೆಳಗೆ ಜಾರಿತು.

ಅವನಿಗೆ ಜೀವಾವಧಿ ಆಯಿತು. ದೊಡ್ಡ ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ಹೇಳಿಕೆಯೊಂದೇ ಸಾಕು ಎನ್ನುವ ಕಾನೂನು ಬಂದಿದ್ದ ಕಾಲ ಅದು. ತೀರ್ಪಿನ ದಿನ ತಂಗಿ ತಿಂಗಳುಗಳ ಮೇಲೆ ಹೊಟ್ಟೆ ತುಂಬ ಉಂಡಳು. ಅದನ್ನು ನೋಡಿ ಟೈಪಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಒಳ್ಳೆಯದೇ ಆಯಿತು ಎಂದುಕೊಂಡಳು.

ಕೆಲಸದಿಂದ ನಿವೃತ್ತಿಯಾದ ಮೇಲೆ ಟೈಪಕ್ಕ ಕೋರ್ಟಿನ ಮೊಗಸಾಲೆಯಲ್ಲಿ ಪುಟ್ಟ ಮೇಜು ಹಾಕಿಕೊಂಡಳು. ಕಚೇರಿಯವರು ಹರಾಜಿಗೆ ಹಾಕಿದ ತನ್ನ ಹಳೇ ಮಿಷಿನ್ನನ್ನೇ ಕೊಂಡಿದ್ದಳು, ಬೆಲ್ ಹೊಡೆಯದ್ದನ್ನೇ. ಅರ್ಜಿ, ಬಾಡಿಗೆ ಪತ್ರ, ಪ್ರಮಾಣಪತ್ರ ಎಲ್ಲ ಹೊಡೆದುಕೊಡುವಳು. ಅಲ್ಲಿಗೆ ಒಂದು ದಿನ, ದಾರ ಹಾಕಿ ಹೊಲಿದ ಛತ್ರಿ ಹಿಡಿದ ಮುದುಕಿಯೊಬ್ಬಳು ಬಂದು ಸ್ಟೂಲಿನ ಮೇಲೆ ಕೂತಳು.

"ಮೇಲಿನ ಕೋರ್ಟಿಗೆ ನನ್ನ ಮಾತು ಬರ್ಕೊಡಬೇಕಮ್ಮಾ. ಹನ್ನೊಂದು ವರ್ಷಕ್ಕೆ ಒಬ್ರು ವಕೀಲಮ್ಮ ಸಿಕ್ಕಿದಾರೆ. ನೀನು ಹೇಳೋದನ್ನ ಟೈಪ್ ಮಾಡಿಸ್ಕೊಂಡು ಬಾ ಅಂದ್ರು."

"ಹೇಳಿ ಅಜ್ಜಿ."

"ನನ್ನ ಮಗ ರೇಡಿಯೋ ರಿಪೇರಿ ಮಾಡ್ತಿದ್ದ. ಅವತ್ತು ಅವನು ಮೂರು ಸಲ ಕೇಳಿದ್ನಂತೆ, ವಕೀಲರು ಬೇಕು ಅಂತ. ಕಾಗದದಲ್ಲಿ ಮಾತ್ರ ಬೇಡ ಅಂದ ಅಂತ ಇದೆ. ಆ ಕೋಣೇಲಿ ಒಬ್ರು ಹೆಂಗಸೂ ಇದ್ರಂತೆ. ಅವರು ಕೇಳಿಸ್ಕೊಂಡಿರ್ತಾರೆ ಅಂತಾನೆ. ಅವರನ್ನ ಎಲ್ಲಿ ಅಂತ ಹುಡುಕ್ಲಿ ನಾನು?"

ಟೈಪಕ್ಕನ ಬೆರಳು ನಿಂತಿತು. ಮುದುಕಿ ಗಾಬರಿಯಾಗಿ, "ಯಾಕಮ್ಮಾ, ನಾನೇನಾದ್ರೂ ತಪ್ಪು ಹೇಳಿದ್ನಾ?" ಎಂದಳು.

"ಇಲ್ಲಜ್ಜಿ. ರಿಬ್ಬನ್ ಸಿಕ್ಕಿಕೊಂಡಿತು" ಎಂದಳು ಟೈಪಕ್ಕ. ರಿಬ್ಬನ್ ಚೆನ್ನಾಗಿಯೇ ಇತ್ತು.

ಸಂಜೆ ತಂಗಿ ಬಟ್ಟೆ ಮಡಚುತ್ತಿದ್ದಳು. ಟೈಪಕ್ಕ ಎದುರಿಗೆ ಕೂತು ಎಲ್ಲ ಹೇಳಿದಳು: ಮೂರು ಸಲ ಕೇಳಿದ್ದು, ಡ್ರಾಯರಿನ ಹಾಳೆ, ನಕ್ಕದ್ದು. ಕೂಲಿಯ ಅರ್ಧ ಹಾಳೆಯ ಮಾತನ್ನು ಮಾತ್ರ ಹೇಳಲು ನಾಲಿಗೆ ಬರಲಿಲ್ಲ. ತಂಗಿ ಮಡಚಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು.

"ಅವನು ಮಾಡಿಲ್ಲ ಅಂತೀಯಾ?"

"ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ. ಅವನು ಕೇಳಿದ, ನಾವು ಕೊಡಲಿಲ್ಲ. ಅಷ್ಟು ಗೊತ್ತು."

"ಅಕ್ಕಾ, ಅವನು ಒಳಗಿದ್ದಾನೆ ಅನ್ನೋ ಒಂದು ಧೈರ್ಯದ ಮೇಲೆ ನಾನು ಬದುಕಿದೀನಿ. ಅದನ್ನೂ ಕಿತ್ಕೋತೀಯಾ? ನೀನು ಹೋಗಿ ಹೇಳಿದ್ರೆ, ನಿನಗೆ ತಂಗಿ ಇಲ್ಲ ಅಂದ್ಕೋ."

ಈ ಲೋಕದಲ್ಲಿ ಟೈಪಕ್ಕನಿಗೆ ಇದ್ದದ್ದು ಅವಳೊಬ್ಬಳೇ. ಮೂರು ವಾರ ಒದ್ದಾಡಿದಳು. ಕಣ್ಣು ಮುಚ್ಚಿದರೆ ಊದಿದ ಹೆಬ್ಬೆರಳು, ತೆರೆದರೆ ತಂಗಿಯ ಮುಖ. ಕೊನೆಗೆ ಮುದುಕಿಯ ವಕೀಲಮ್ಮನ ಹತ್ತಿರ ಹೋಗಿ ಹೇಳಿ, ಸಾಕ್ಷಿ ಕಟ್ಟೆ ಹತ್ತಿದಳು. ಸರ್ಕಾರಿ ವಕೀಲರು ಕೆಂಡವಾದರು.

"ಹನ್ನೊಂದು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಸಂಬಳದ ಅನ್ನ, ಸಾರ್."

"ನಿಮ್ಮ ತಂಗಿ ಗಂಡನನ್ನ ಕೊಂದವನಿಗೆ ಇಷ್ಟೆಲ್ಲ ಹಕ್ಕು ಬೇಕಾ?"

"ಅವನೇ ಕೊಂದನಾ ಅಂತ ತಿಳಿಯೋದಕ್ಕೇ ಅಲ್ವಾ ಸಾರ್ ಅವೆಲ್ಲ ಇಟ್ಟಿರೋದು? ನಾನು ಮೊದಲೇ 'ಬೇಡ' ಅಂತ ಹೊಡೆದಿಟ್ಟಿದ್ದೆ."

ಕೋರ್ಟಿನವರು ಆ ಹೇಳಿಕೆಯನ್ನು ತೆಗೆದುಹಾಕಿದರು. ಅದನ್ನು ತೆಗೆದ ಮೇಲೆ ನೋಡಿದರೆ ಕೇಸಿನಲ್ಲಿ ಉಳಿದದ್ದು ಸೊನ್ನೆ. ಹಾಗೆಂದು, ಇವನು ಮಾಡಿಲ್ಲ ಎಂದೂ ಅವರು ಹೇಳಲಿಲ್ಲ. ಸಾಕ್ಷಿ ಸಾಲದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಬಿಟ್ಟುಬಿಟ್ಟರು. ಊರಿನವರಿಗೆ ಅವನು ಇನ್ನೂ ಬಾಂಬಿನವನೇ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಒಂದು ದಿನ ಅವನು ಕಾಗದಗಳನ್ನು ತಗೊಂಡು ಹೋಗಲು ತಾಯಿಯ ಜೊತೆ ಕೋರ್ಟಿಗೆ ಬಂದ. ಟೈಪಕ್ಕನ ಮೇಜಿನ ಮುಂದೆ ನಿಂತ. ಅವಳು ಎದ್ದು ನಿಂತಳು. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ಕಾದಳು. ಅವನು ಮಿಷಿನ್ ನೋಡಿ, "ಇನ್ನೂ ಬೆಲ್ ಹೊಡೆಯಲ್ವಾ?" ಎಂದ. ಇಲ್ಲವೆಂದು ತಲೆಯಾಡಿಸಿದಳು. ಅವನು ಕೈ ಮುಂದೆ ತಂದ; ಕೈ ಗಡಗಡ ನಡುಗುತ್ತಿತ್ತು. ನೋಡಿಕೊಂಡು ಜೇಬಿಗೆ ಹಾಕಿಕೊಂಡು ಹೊರಟುಹೋದ. ಅವಳಿಗೆ ಒಂದು ಬೈಗುಳವಾದರೂ ಬೇಕಿತ್ತು. ಅದೂ ಸಿಗಲಿಲ್ಲ.

ಮನೆಯಲ್ಲಿ ತಂಗಿ ತಟ್ಟೆ ಇಟ್ಟು ಒಳಗೆ ಹೋಗುವಳು, ಮಾತಿಲ್ಲ. ಹೀಗೇ ಎಂಟು ತಿಂಗಳು. ಬೆಳಗಿನ ಟೀ ಕುಡಿಯುವಾಗ ಟೈಪಕ್ಕ ತನ್ನಷ್ಟಕ್ಕೆ, "ನಿನ್ನ ಕಾಟ ಇಲ್ಲದ ಊರಿಗೆ" ಎನ್ನುವಳು. ಕೇಳುವವನಿಲ್ಲದೆ ಉತ್ತರ ಒಂದೇ ಉಳಿದಿತ್ತು.

ಒಂದು ಮಧ್ಯಾಹ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಯಾರೋ ಕೂತಂತಾಯಿತು. ತಲೆ ಎತ್ತಿದರೆ ತಂಗಿ. ಮುದುಕಿ ಕೂತಿದ್ದ ಜಾಗದಲ್ಲೇ ಕೂತಿದ್ದಳು.

"ಬರ್ಕೋ" ಎಂದಳು. ಟೈಪಕ್ಕ ಹಾಳೆ ಹಾಕಿದಳು.

"ಟಿಕೆಟ್ ಕಿಟಕೀಲಿ ಕೂತಿದ್ದ ನನ್ನ ಗಂಡ ಸತ್ತು ಹನ್ನೆರಡು ವರ್ಷ ಆಯ್ತು. ನೀವು ಹಿಡಿದವನನ್ನ ನೀವೇ ಬಿಟ್ರಿ. ಹಾಗಾದ್ರೆ ಆ ಚೀಲ ಇಟ್ಟವನು ಯಾರು? ಇಷ್ಟು ವರ್ಷ ಅವನನ್ನ ಯಾಕೆ ಹುಡುಕಲಿಲ್ಲ?" ತಂಗಿಯ ದನಿ ಅಲ್ಲಿಗೆ ಒಡೆಯಿತು. "ನೀನಾದ್ರೂ ಹೇಳಕ್ಕಾ. ಯಾಕೆ ಹುಡುಕಲಿಲ್ಲ?"

ಟೈಪಕ್ಕ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೂಲಿಯವನು, ಬೂದು ಕೋಟು, ಹಿಂದಿನ ಗೇಟು, ಎಳೆದು ಪಕ್ಕಕ್ಕಿಟ್ಟ ಅರ್ಧ ಹಾಳೆ, ಎಲ್ಲ ಹೇಳಿದಳು. ಕೊನೇ ಹಾಳೆ ಸಿಕ್ಕ ಮೇಲೆ ಆ ಅರ್ಧ ಹಾಳೆಯನ್ನು ಯಾರೂ ಕೇಳಲಿಲ್ಲ. ಕೂಲಿ ಸತ್ತು ಆರು ವರ್ಷವಾಗಿತ್ತು.

"ನಾನು ಆ ರೇಡಿಯೋದವನೊಬ್ಬನಿಗೆ ಮೋಸ ಮಾಡಿದೆ ಅಂದ್ಕೊಂಡಿದ್ದೆ ಕಣೇ" ಎಂದು ಬಿಕ್ಕಿದಳು. "ನಿನಗೂ ಮಾಡಿದೆ."

ತಂಗಿ ಸ್ಟೂಲನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ, "ಅದನ್ನೂ ಬರಿ. ನಿನ್ನ ಹೆಸರು ಹಾಕಿ ಬರಿ" ಎಂದಳು.

ಟೈಪಕ್ಕ ಬರೆದಳು. ಎಷ್ಟೋ ವರ್ಷದ ಮೇಲೆ ತನ್ನ ನಿಜವಾದ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಹೊಡೆದಳು. ಹಾಳೆ ತೆಗೆದು, ಕನ್ನಡಕ ಒರೆಸಿಕೊಂಡು, "ಓದಿ ಹೇಳ್ತೀನಿ, ಕೇಳು" ಎಂದು ಮೊದಲ ಸಾಲಿನಿಂದ ನಿಧಾನವಾಗಿ, ಒಂದು ಪದವೂ ಬಿಡದೆ ಓದಿದಳು.

"ಸರಿಯಾಗಿದೆಯಾ?"

"ಸರಿಯಾಗಿದೆ" ಎಂದು ತಂಗಿ ಪೆನ್ನು ತೆಗೆದುಕೊಂಡಳು. "ಅವತ್ತೇ ಹೀಗೆ ಓದಿದ್ದಿದ್ರೆ ಅಕ್ಕಾ..."