ಇನ್ಶೂರೆನ್ಸೋ, ಕೈದುಡ್ಡೋ? ಗುಡೇಮಾರನಹಳ್ಳಿಯ ದ್ರಾಕ್ಷಾಯಿಣಿಯ ವ್ಯಾನು

ಹಾಲಿನ ಡೇರಿಯ ಬಾಗಿಲು ಇನ್ನೂ ತೆರೆದಿಲ್ಲ. ದ್ರಾಕ್ಷಾಯಿಣಿ ತಮ್ಮ ಓಮ್ನಿ ವ್ಯಾನಿನ ಮುಂಗಾಜಿನ ಮೇಲೆ ಕೂತ ಇಬ್ಬನಿಯನ್ನು ಹಳೇ ಟವಲಿನಲ್ಲಿ ಒರೆಸುತ್ತಿದ್ದಾರೆ. ಹಣೆಯಲ್ಲಿ ವಿಭೂತಿ, ಸೀರೆಯ ಮೇಲೆ ಗಂಡನ ಸ್ವೆಟರು, ಅದರ ಮೇಲೆ ಖಾಕಿ ಅಂಗಿ. ಎಡಗಡೆಯ ಮುಂಬಾಗಿಲು ಒಂದೇ ಸಲಕ್ಕೆ ಕೂರುವುದಿಲ್ಲ. ಮೇಲಕ್ಕೆತ್ತಿ ತಳ್ಳಬೇಕು. ಎರಡು ಸಲ ತಳ್ಳಿದ ಮೇಲೆ ಅದು ಕೂರುತ್ತದೆ, ವ್ಯಾನು ಹೊರಡುತ್ತದೆ.

ಗುಡೇಮಾರನಹಳ್ಳಿ ಮತ್ತು ಸುತ್ತಲಿನ ಹಳ್ಳಿಗಳ ಏಳೆಂಟು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು, ಮಾಗಡಿ ಹಾಯ್ದು, ಬೆಳಗಿನ ಪಾಳಿಯ ಗಂಟೆಗೆ ಮೊದಲು ಅವರನ್ನು ಬಿಡದಿಯ ಕಾರ್ಖಾನೆ ಗೇಟಿನ ಮುಂದೆ ಇಳಿಸುವುದು ಇವರ ಕೆಲಸ. ಪಾಳಿ ಮುಗಿದ ಮೇಲೆ ಮತ್ತೆ ಕರೆತರಬೇಕು. ದಿನಕ್ಕೆ ನೂರು ಕಿಲೋಮೀಟರಿನ ಹತ್ತಿರ ಓಡಾಟ. ಭಾನುವಾರ ಮಾತ್ರ ಬಿಡುವು.

ಅವರ ಗಂಡ ಬಸವಲಿಂಗಯ್ಯನವರದು ಊರಿನಲ್ಲಿ, ಮನೆಗೆ ಹೊಂದಿಕೊಂಡೇ, ಹಿಟ್ಟಿನ ಗಿರಣಿ. ಮೂಟೆ ಸಾಗಿಸಲೆಂದು ವ್ಯಾನು ಕೊಂಡರು. ಇಟ್ಟುಕೊಂಡಿದ್ದ ಡ್ರೈವರು ಬಿಡದಿಯ ಕಾರ್ಖಾನೆಗೆ ಸೇರಿಕೊಂಡು ಹೋದ. ಗಿರಣಿ ಬಿಟ್ಟು ಗಂಡ ಏಳುವಂತಿಲ್ಲ, ವ್ಯಾನು ಅಂಗಳದಲ್ಲಿ ನಿಂತೇ ಇತ್ತು. ದ್ರಾಕ್ಷಾಯಿಣಿ ಮಾಗಡಿಗೆ ಹೋಗಿ ಡ್ರೈವಿಂಗ್ ಕಲಿತು ಬಂದರು. ಅದೇ ಹೊತ್ತಿಗೆ ಬಿಡದಿಯಲ್ಲಿ ಒಂದರ ಹಿಂದೊಂದು ಫ್ಯಾಕ್ಟರಿ ಎದ್ದವು. ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿತು, ಹೋಗಿಬರಲು ಬಸ್ಸು ಸಿಗಲಿಲ್ಲ. ದ್ರಾಕ್ಷಾಯಿಣಿ ವ್ಯಾನಿಗೆ ಹಳದಿ ಬೋರ್ಡು ಹಾಕಿಸಿದರು.

"ಓಡಿಸೋದು ಹೆಂಗಸು ಅಂತ ಗೊತ್ತಾದ್ಮೇಲೇನೇ ಮನೆಯೋರು ಕಳ್ಸಿದ್ದು," ಎನ್ನುತ್ತಾರೆ ಅವರು ಪಕ್ಕದಲ್ಲಿ ಕೂತ ನನಗೆ, ಗೇರು ಬದಲಿಸುತ್ತಾ. "ಅವ್ರು ನನ್ ಗಾಡಿ ನಂಬಿಲ್ಲ, ನನ್ನ ನಂಬವ್ರೆ. ಅದುಕ್ಕೇ ಅವತ್ತು ಅಷ್ಟು ಗೊಂದಲ ಆಗಿದ್ದು."

ಅವತ್ತು ಎಂದರೆ ಕಳೆದ ಕಾರ್ತಿಕ ಮಾಸದ ಒಂದು ಸಂಜೆ.

ಇವರ ವ್ಯಾನಿನಲ್ಲಿ ಓಡಾಡುವವರಲ್ಲಿ ಕೊನೆಗೆ ಇಳಿಯುವ ಹುಡುಗಿ ಭಾನುಪ್ರಿಯ. ರಾಗಿ, ಹಿಪ್ಪುನೇರಳೆ ಬೆಳೆಯುವ ಬೋರಲಿಂಗಯ್ಯನವರ ಮಗಳು. ಕಾರುಗಳ ಒಳಗಿನ ವೈರು ಜೋಡಿಸುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. "ದಿನಾ ಕಾರಿಗೆ ವೈರು ಕಟ್ತೀನಿ, ಒಂದಿನಾನೂ ಕಾರು ಓಡ್ಸಿಲ್ಲ ಅಕ್ಕ" ಎಂದು ಅವಳು ಪೀಡಿಸುತ್ತಿದ್ದಳು. ಅಪ್ಪನಿಗೆ ಹೇಳದೆ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಕೂಡ ಮಾಡಿಸಿಕೊಂಡು ಬಂದಳು. ಉಳಿದವರೆಲ್ಲ ಇಳಿದ ಮೇಲೆ, ಅವಳ ಊರಿನ ಕೆರೆ ಏರಿಯ ಮೇಲೆ, ದ್ರಾಕ್ಷಾಯಿಣಿ ಅವಳಿಗೆ ಸ್ಟೇರಿಂಗು ಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದರು.

ಆ ಸಂಜೆ ಏರಿಯ ತಿರುವಿನಲ್ಲಿ ಹುಲ್ಲು ಹೇರಿದ ಟ್ರಾಕ್ಟರು ಎದುರಾಯಿತು. ಭಾನುಪ್ರಿಯ ಎಡಕ್ಕೆ ಎಳೆದಳು, ಬ್ರೇಕು ತಡವಾಯಿತು. ವ್ಯಾನು ಮೋರಿಯ ಕಲ್ಲುಕಟ್ಟೆಗೆ ಗುದ್ದಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಮುಂಭಾಗದ ತಗಡು ಒಳಕ್ಕೆ ಹೋಯಿತು, ದೀಪ ಚೂರಾಯಿತು, ರೇಡಿಯೇಟರಿನ ನೀರು ರಸ್ತೆಗೆ ಹರಿಯಿತು. ಟ್ರಾಕ್ಟರಿನವನು ನಿಲ್ಲಿಸಲೇ ಇಲ್ಲ.

"ನಾನು ಮೊದ್ಲು ನೋಡಿದ್ದು ಆ ಹುಡ್ಗೀನ. ಕೈ ಸ್ಟೇರಿಂಗ್ ಮ್ಯಾಲೇ ಐತೆ. ಬೆಳ್ ಬೆಳ್ಳಗೆ ಆಗ್ಬುಟ್ಟಿದ್ಲು," ಎಂದು ನೆನೆಯುತ್ತಾರೆ. "ಇಳೀಯವ್ವ, ಮನೆಗೋಗು, ಏನೂ ಆಗಿಲ್ಲ ಅಂದೆ. ಆದ್ರೆ ಆಗಿತ್ತು."

ಮಾರನೆಯ ದಿನ ವ್ಯಾನನ್ನು ಮಾಗಡಿಗೆ ಎಳೆಸಿ, ಟಿಂಕರ್ ಕೆಲಸದ ರಸೂಲ್ ಅವರ ಶೆಡ್ಡಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಗೊಂದಲ ಶುರುವಾಯಿತು. ರಸೂಲ್ ಗಾಡಿಯ ಸುತ್ತ ಒಂದು ಸುತ್ತು ಬಂದು, "ಅಕ್ಕ, ಕ್ಲೇಮ್ ಮಾಡಂಗಿದ್ರೆ ನಾನು ಸುತ್ತಿಗೆ ಮುಟ್ಟಲ್ಲ. ಇನ್ಶೂರೆನ್ಸ್ ಕಂಪ್ನಿಯೋರು ನೋಡೋಗಂಟ ಹಿಂಗೇ ಇರಬೇಕು. ಕೈಯಿಂದ ಕೊಡಂಗಿದ್ರೆ ಇವತ್ತೇ ಬಿಚ್ತೀನಿ. ತಗಡು ಬಡಿದು ಸರಿ ಮಾಡ್ತೀನಿ, ಹೊಸದ್ರಂಗೆ ಆಗಲ್ಲ. ಯಾವ್ದು ಹೇಳಿ," ಎಂದರು.

ದ್ರಾಕ್ಷಾಯಿಣಿ ‘ಒಸಿ ತಡೀರಿ’ ಎಂದು ಹೊರಗೆ ಬಂದು ಫೋನು ಮಾಡಿದರು.

ವಿಮೆ ಮಾಡಿಸಿದ್ದ ಏಜೆಂಟ್ ಜಯಕುಮಾರ್ ಬಂದರು. ಓಡಿಸುತ್ತಿದ್ದದ್ದು ಯಾರೆಂದು ದ್ರಾಕ್ಷಾಯಿಣಿ ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜಯಕುಮಾರ್ ಆಗದು ಎಂದು ತಲೆ ಆಡಿಸಿದರು. ಎಲ್‌ಎಲ್‌ಆರ್ ಇರುವವರು ಬಾಡಿಗೆಗೆ ಓಡುವ ಹಳದಿ ಬೋರ್ಡಿನ ಗಾಡಿಯನ್ನು ಮುಟ್ಟುವಂತಿಲ್ಲ. "ನಿಜ ಬರೆದ್ರೆ ಕ್ಲೇಮ್ ಬಿದ್ದೋಗುತ್ತೆ ಮೇಡಂ. ನಾನೇ ಓಡಿಸ್ತಿದ್ದೆ ಅಂತ ಬರೀರಿ. ಅಲ್ಲಿ ಯಾರಿದ್ರು ನೋಡೋಕೆ?"

ಮನೆಯಲ್ಲಿ ಬಸವಲಿಂಗಯ್ಯನವರದೂ ಅದೇ ಮಾತು. "ವರ್ಷಾವರ್ಷ ಇನ್ಶೂರೆನ್ಸು ಕಟ್ಟಿದ್ದು ಇನ್ಯಾಕೆ? ಇಂಥ ದಿನಕ್ಕೇ ತಾನೆ? ಪಕ್ಕದಲ್ಲಿ ನೀನೂ ಇದ್ದೆ. ನೀನೇ ಓಡ್ಸಿದಂಗೇ ಲೆಕ್ಕ." ಗಿರಣಿಯ ಮೋಟಾರು ಬದಲಿಸಲೆಂದು ಅವರು ಸ್ವಲ್ಪ ಹಣ ತೆಗೆದಿಟ್ಟಿದ್ದರು. ರಿಪೇರಿಯನ್ನು ಕೈಯಿಂದ ಮಾಡಿಸಿದರೆ ಅದಷ್ಟೂ ಹೋಗುತ್ತಿತ್ತು.

ಕಾರ್ಖಾನೆಯ ಸಾಗಣೆ ನೋಡಿಕೊಳ್ಳುವ ಗುತ್ತಿಗೆದಾರನೂ ಫೋನು ಮಾಡಿದ: ಸೋಮವಾರದೊಳಗೆ ಗಾಡಿ ಬಾರದಿದ್ದರೆ ಆ ದಾರಿಗೆ ಬೇರೆಯವರ ಸುಮೋ ಹಾಕುತ್ತೇನೆ. ಭಾನುಪ್ರಿಯ ಅಳುತ್ತಾ ಬಂದಳು. "ನನ್ ಹೆಸ್ರೇ ಬರೀರಿ ಅಕ್ಕ. ಅಪ್ಪ ಬೈದ್ರೆ ಬೈಸ್ಕೋತೀನಿ." ಬರೆದರೆ ಕ್ಲೇಮೂ ಬರುವುದಿಲ್ಲ, ಅವಳನ್ನು ಕೆಲಸಕ್ಕೆ ಕಳಿಸುವುದೂ ನಿಲ್ಲುತ್ತದೆ ಎಂದು ಅವಳಿಗೆ ಹೇಗೆ ತಿಳಿಸುವುದು?

"ಒಬ್ಬೊಬ್ರು ಹೇಳೋದು ಕೇಳ್ದಾಗ್ಲೂ ಸರಿ ಅನ್ಸೋದು. ಮಗ್ಗುಲಲ್ಲಿ ಇನ್ನೊಬ್ರು ಹೇಳಿದ್ರೆ ಅದೂ ಸರೀನೇ. ತಲೆ ಗಿರಣಿ ಥರ ಸುತ್ತೋದು, ಹಿಟ್ಟೇ ಬೀಳ್ತಿರ್ಲಿಲ್ಲ," ಎಂದು ದ್ರಾಕ್ಷಾಯಿಣಿ ನಗುತ್ತಾರೆ. ಆಗ ನಗು ಬಂದಿರಲಿಲ್ಲವಂತೆ.

ಕೊನೆಗೆ ಜಯಕುಮಾರ್ ಹೇಳಿದಂತೆಯೇ ಕ್ಲೇಮ್ ಮಾಡುವುದೆಂದು ಒಪ್ಪಿದರು. ವಿಮಾ ಕಂಪನಿಯ ಸರ್ವೇಯರ್ ಬೆಂಗಳೂರಿನಿಂದ ಬಂದರು. ಅದೇ ಹೊತ್ತಿಗೆ, ಗಾಡಿ ಯಾವಾಗ ಸರಿಹೋಗುತ್ತದೆ ಎಂದು ವಿಚಾರಿಸಲು ಬೋರಲಿಂಗಯ್ಯನವರೂ ಶೆಡ್ಡಿಗೆ ಬಂದು ನಿಂತಿದ್ದರು. ಮಗಳು ಕೆಲಸಕ್ಕೆ ಹೋಗದೆ ಮನೆಯಲ್ಲಿ ಸಪ್ಪಗೆ ಕೂತಿದ್ದಾಳೆ, ಅವಳಿಗಾಗಿ ಬಂದೆ ಎಂದರು. ಸರ್ವೇಯರ್ ಫೋಟೋ ತೆಗೆದುಕೊಂಡರು, ತಗ್ಗನ್ನು ಮುಟ್ಟಿ ನೋಡಿದರು. ಆಮೇಲೆ ಪೆನ್ನು ತೆಗೆದು, "ಗಾಡಿ ಓಡಿಸ್ತಿದ್ದವರು ಯಾರು?" ಎಂದು ಕೇಳಿದರು.

"‘ನಾನೇ’ ಅಂತ ತುಟಿಗಂಟ ಬಂದಿತ್ತು. ಆವಪ್ಪ ಎದುರಿಗೇ ನಿಂತವ್ರೆ. ಮಗಳನ್ನ ನನ್ನ ಕೈಗೆ ಒಪ್ಸಿರೋರು. ಅವ್ರ ಮುಂದೆ ಸುಳ್ಳು ಹೇಳಕ್ಕೂ ಆಗ್ಲಿಲ್ಲ, ನಿಜ ಹೇಳಕ್ಕೂ ಆಗ್ಲಿಲ್ಲ. ಕ್ಲೇಮ್ ಬ್ಯಾಡ ಬುಡಿ ಸಾರ್ ಅಂದ್ಬುಟ್ಟೆ."

ಸರ್ವೇಯರ್ ಪೆನ್ನು ಹಿಡಿದುಕೊಂಡೇ ನಿಂತರು. "ಹಾಗಾದ್ರೆ ನನ್ನ ಇಲ್ಲೀತನಕ ಯಾಕಮ್ಮ ಕರೆಸಿದ್ರಿ?"

"ಗೊತ್ತಾಗ್ಲಿಲ್ಲ ಸಾರ್."

ಅವರು ಬೈಯಲಿಲ್ಲ. ರಸೂಲ್ ತರಿಸಿದ ಟೀ ಕುಡಿದು ಹೋದರು. ಜಯಕುಮಾರ್ ಹಣೆ ಉಜ್ಜಿಕೊಂಡರು. ರಸೂಲ್ ಬೋಲ್ಟು ಬಿಚ್ಚತೊಡಗಿದರು.

ಬಸವಲಿಂಗಯ್ಯ ಆ ದಿನವೆಲ್ಲ ಗೊಣಗಿದರು. ಮಾರನೆಯ ದಿನ ಮೋಟಾರಿನ ಹಣ ತಂದು ಅವರ ಮುಂದಿಟ್ಟು, "ತಗೊ. ಹಳೇ ಮೋಟ್ರು ಇನ್ನೊಂದ್ ವರ್ಷ ಗೊಣಗಾಡ್ಕಂಡೇ ಓಡ್ಲಿ, ನನ್ನಂಗೆ," ಎಂದರು.

ಅದೇ ಸಂಜೆ ಬೋರಲಿಂಗಯ್ಯ ಮನೆಗೆ ಬಂದರು. ಜಗಲಿಯ ಮೇಲೆ ಕೂತರು, ನೀರು ಕುಡಿದರು. "ಅವಯ್ಯ ಕೇಳ್ದಾಗ ನೀನು ಯಾಕೆ ನನ್ ಮಕ ನೋಡ್ದೆ ಅಂತ ಯೋಚ್ನೆ ಮಾಡ್ತಾ ಇದ್ದೆ ಕಣ್ತಾಯಿ. ಓಡಿಸ್ತಿದ್ದೋಳು ನನ್ ಮಗಳಾ?"

"ಹೂಂ ಕಣಣ್ಣ. ಕೊಟ್ಟೋಳು ನಾನು. ತಪ್ಪು ನಂದೇ."

ಒಳಗೆ ಗಿರಣಿ ನಿಂತಿತು, ಬಸವಲಿಂಗಯ್ಯ ಬಾಗಿಲಿಗೆ ಬಂದರು.

"ಚೆನ್ನಾಗಿ ಓಡಿಸ್ತಾಳಾ?" ಎಂದು ಕೇಳಿದರು ಬೋರಲಿಂಗಯ್ಯ.

"ಟ್ರಾಕ್ಟರ್ ಬರೋಗಂಟ ಚೆನ್ನಾಗೇ ಓಡಿಸ್ತಿದ್ಲು."

"ಹಂಗಾದ್ರೆ ಪೂರ್ತಿ ಕಲೀಲಿ. ಅರ್ಧಂಬರ್ಧ ಕಲ್ತೇ ಹಿಂಗಾಗದು. ಆದ್ರೆ ಏರಿ ಮ್ಯಾಲೆ ಬ್ಯಾಡ." ಅಷ್ಟು ಹೇಳಿ ಎದ್ದು ಹೋದರು.

ಸೋಮವಾರ ವ್ಯಾನು ಬಿಡದಿಯ ಗೇಟಿನ ಮುಂದೆ ನಿಂತಿತ್ತು. ಆದರೆ ಎಲ್ಲವೂ ಮೊದಲಿನಂತಾಯಿತು ಎನ್ನುವಂತಿಲ್ಲ. ಸುದ್ದಿ ಹೇಗೋ ಹರಡಿತು. ಒಂದು ಮನೆಯವರು ತಮ್ಮ ಮಗಳನ್ನು ಕಳಿಸುವುದನ್ನು ನಿಲ್ಲಿಸಿದರು. ದ್ರಾಕ್ಷಾಯಿಣಿ ಅವರ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳಿಕೊಂಡರು. ಅವರು ಒಪ್ಪಲಿಲ್ಲ. ಆ ಹುಡುಗಿ ಈಗ ಕೆಲಸಕ್ಕೆ ಹೋಗುತ್ತಿಲ್ಲ. ಇದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ. "ನಾನೇ ಓಡಿಸ್ತಿದ್ದೆ ಅಂತ ಅಂದಿದ್ರೆ ಅವಳು ಇವತ್ತು ಈ ಗಾಡೀಲಿ ಇರೋಳೋ ಏನೋ. ಅದೂ ಅನ್ಸುತ್ತೆ. ಅಂದಿದ್ರೆ ಬೋರಲಿಂಗಣ್ಣನ ಮಕ ಹೆಂಗೆ ನೋಡ್ತಿದ್ದೆ, ಅದೂ ಅನ್ಸುತ್ತೆ."

ಭಾನುಪ್ರಿಯ ಮಾಗಡಿಯ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸು ಪಡೆದಿದ್ದಾಳೆ. ಹಳದಿ ಬೋರ್ಡಿನ ಗಾಡಿ ಓಡಿಸಲು ಬ್ಯಾಡ್ಜು ಎಂಬ ಬೇರೆ ಪರವಾನಗಿ ಬೇಕು, ಅದಕ್ಕೆ ಇನ್ನೂ ಒಂದು ವರ್ಷ ಕಾಯಬೇಕು. ಅಲ್ಲಿಯವರೆಗೆ ಈ ಸ್ಟೇರಿಂಗು ಮುಟ್ಟಕೂಡದು ಎಂದು ದ್ರಾಕ್ಷಾಯಿಣಿ ಕಟ್ಟಪ್ಪಣೆ ಮಾಡಿದ್ದಾರೆ. ಬ್ಯಾಡ್ಜು ಬಂದ ಮೇಲೆ ವಾರಕ್ಕೆರಡು ದಿನ ಅವಳೇ ಓಡಿಸಲಿ ಎಂಬ ಮಾತು ಎರಡೂ ಮನೆಯಲ್ಲಿ ನಡೆದಿದೆ.

ಮೊನ್ನೆ ಜಯಕುಮಾರ್ ಸಿಕ್ಕು, ಕ್ಲೇಮ್ ಮಾಡದೇ ಇದ್ದದ್ದರಿಂದ ಈ ವರ್ಷದ ಕಂತಿನಲ್ಲಿ ರಿಯಾಯಿತಿ ಇದೆ ಎಂದರಂತೆ. "ಅಂದ್ರೆ ನಂಗೆ ಲಾಭ ಆಯ್ತಾ, ನಷ್ಟ ಆಯ್ತಾ ಸಾರ್? ನಮ್ಮನೆಯೋರು ನಷ್ಟ ಅಂತಾರೆ. ಏಜೆಂಟು ಒಸಿ ಲಾಭ ಅಂತಾರೆ. ರಸೂಲಣ್ಣ ಗಾಡಿ ಓಡ್ತಾ ಐತಲ್ಲ ಅಂತಾರೆ. ನಂಗಂತೂ ಇವತ್ತಿಗೂ ಗೊತ್ತಿಲ್ಲ," ಎನ್ನುತ್ತಾರೆ. ಇನ್ನೊಬ್ಬರು ಬಂದು ಕ್ಲೇಮ್ ಮಾಡಲೋ, ಕೈಯಿಂದ ಕೊಡಲೋ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದೆ. "ಕೇಳಕ್ಕೆ ನನ್ ಹತ್ರ ಬರ್ಬೇಡಿ ಅಂತೀನಿ."

ಮಾಗಡಿ ದಾಟಿದ ಮೇಲೆ ಬೆಳಕು ಹರಿಯುತ್ತದೆ. ಹಿಂದಿನ ಸೀಟಿನ ಹುಡುಗಿಯರು ಸಾವನದುರ್ಗ ಬೆಟ್ಟದ ನೆತ್ತಿಯ ಮೇಲೆ ಬಿಸಿಲು ಬಿದ್ದಿರುವುದನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ದ್ರಾಕ್ಷಾಯಿಣಿ ಕತ್ತು ತಿರುಗಿಸುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದು ನಾನು ಕೇಳುತ್ತೇನೆ.

"ಇಷ್ಟು ವರ್ಷ ಈ ದಾರೀಲಿ ಓಡಾಡೀವ್ನಿ, ಬೆಟ್ಟ ಸರಿಯಾಗಿ ನೋಡೇ ಇಲ್ಲ ಸಾರ್. ನೋಡಿರೋದೆಲ್ಲ ರಸ್ತೇನೇ. ಭಾನುಪ್ರಿಯಂಗೆ ಬ್ಯಾಡ್ಜ್ ಬಂದ ದಿನ ನಾನು ಹಿಂದೆ, ಕಿಟಕಿ ಪಕ್ಕ ಕೂತ್ಕೋತೀನಿ," ಎನ್ನುತ್ತಾರೆ. "ಬಿಡದಿ ಬರೋಗಂಟ ಯಾರೂ ನನ್ನ ಮಾತಾಡಿಸ್ಬಾರ್ದು."